ರಜಾ ಅರ್ಜಿಯ ಕೊನೆಯ ದೃಶ್ಯ

ನನ್ನ ಹೆಂಡತಿ ಶಾಲೆಯ ಮಕ್ಕಳಿಂದ ಆಡಿಸಿದ ನಾಟಕಗಳಲ್ಲಿ ಅವಳು ಬರೆದ ಒಂದು ಸಾಲೂ ಇಲ್ಲ. ಇದು ನನಗೆ ಗೊತ್ತಾದದ್ದು ಅವಳು ಹೋದ ಮೇಲೆ. ಗೊತ್ತಾಗುವ ಮೊದಲೇ ನಾನೊಂದು ತಪ್ಪು ಮಾಡಿದ್ದೆ. ಆ ತಪ್ಪಿನ ಬಗ್ಗೆ, ಅದನ್ನು ತಿದ್ದಿದ ಏಳನೇ ಕ್ಲಾಸಿನ ಹುಡುಗಿಯ ಬಗ್ಗೆ ಬರೆದಿಡಬೇಕು ಅನ್ನಿಸಿದೆ.

ನಾನು ಅರಕಲಗೂಡಿನಲ್ಲಿ ಬಟ್ಟೆ ಹೊಲಿಯುವವನು. ಬಸ್ ಸ್ಟ್ಯಾಂಡಿನಿಂದ ಸ್ವಲ್ಪ ಮುಂದೆ ನನ್ನ ಅಂಗಡಿ. ಓದಿದ್ದು ಎಸ್ಸೆಸ್ಸೆಲ್ಸಿವರೆಗೆ. ಅವಳು ಸರ್ಕಾರಿ ಶಾಲೆಯಲ್ಲಿ ಕನ್ನಡ ಟೀಚರ್. ವಾರಕ್ಕೆ ಮೂರು ದಿನ ಶಾಲೆ ಬಿಟ್ಟ ಮೇಲೆ, ನಾಲ್ಕೂಕಾಲಿನಿಂದ ಐದೂಮುಕ್ಕಾಲರವರೆಗೆ, ಮಕ್ಕಳಿಗೆ ನಾಟಕದ ಕ್ಲಾಸು ನಡೆಸುತ್ತಿದ್ದಳು. ಯಾರೂ ಹೇಳಿ ಶುರು ಮಾಡಿದ್ದಲ್ಲ. ಹೊಲಗದ್ದೆಗೆ, ಕೂಲಿಗೆ ಹೋದ ತಂದೆ ತಾಯಿ ಬರುವವರೆಗೆ ಶಾಲೆಯ ಕಟ್ಟೆಯ ಮೇಲೆ ಸುಮ್ಮನೆ ಕೂತಿರುತ್ತಿದ್ದ ಮಕ್ಕಳನ್ನು ಒಳಗೆ ಕರೆದಳು, ಅಷ್ಟೇ. ಒಂಬತ್ತು ವರ್ಷ ನಡೆಯಿತು.

ಅವಳು ಕಲಿಸುವ ರೀತಿ ನನಗೆ ಗೊತ್ತಿತ್ತು ಅಂದುಕೊಂಡಿದ್ದೆ. ಅಂಗಡಿಯಲ್ಲಿ ಅಳತೆ ಗುರುತು ಮಾಡುವ ಖಾಕಿ ಕಾಗದದ ಹಾಳೆಗಳನ್ನು ನಾನೇ ಒಯ್ದು ಕೊಡುತ್ತಿದ್ದೆ. ಪ್ರತಿಯೊಂದು ಮಗುವೂ ಮನೆಯಲ್ಲಿ ಕೇಳಿಸಿಕೊಂಡ ಒಂದು ಮಾತನ್ನು, ಆಡಿದ ಹಾಗೇ, ಆ ಹಾಳೆಯ ಮೇಲೆ ಬರೆಯಬೇಕು. ಯಾರು ಆಡಿದ್ದು ಅಂತ ಬರೆಯಬಾರದು. ಆಮೇಲೆ ಒಬ್ಬರು ಗಟ್ಟಿಯಾಗಿ ಓದುವುದು, ಉಳಿದವರು ಯಾರ ಮಾತು ಅಂತ ಹೇಳುವುದು.

"ಬತ್ತಾ ಇದ್ದೀನಿ ಅಂದ್ನಲ್ಲ, ಇಲ್ಲೇ ಸರ್ಕಲ್ ತಾವ ಇವ್ನಿ" ಅಂತ ಒಬ್ಬ ಓದಿದರೆ ಉಳಿದವರೆಲ್ಲ, "ಅಪ್ಪ! ಫೋನಲ್ಲಿ! ಮನೇಲೇ ಕೂತ್ಕಂಡು!" ಅಂತ ಕೂಗುತ್ತಿದ್ದರು.

"ನಾನ್ ಸತ್ಮೇಲೆ ಗೊತ್ತಾಯ್ತದೆ ನಿಮ್ಗೆ, ಈ ಲೈಟ್ನ ಯಾರ್ ಆರುಸ್ತಿದ್ರು ಅಂತ" ಅಂದರೆ, "ಅಜ್ಜಿ!"

ಮಾತಿನಿಂದಲೇ ಆಡಿದವರ ಗುರುತು ಸಿಕ್ಕಿದರೆ ಆ ಮಾತಿಗೆ ನಾಟಕದಲ್ಲಿ ಜಾಗ. ಸಿಗದಿದ್ದರೆ, "ಇನ್ನೊಂದ್ಸಲ ಕೇಳಿಸಿಕೊಂಡು ಬಾ" ಎಂದು ಅವಳು ವಾಪಸ್ ಕಳಿಸುವಳು. ಇನ್ನೊಂದು ನಿಯಮವೂ ಇತ್ತು. ನಾಟಕ ಬರೆದ ಮಗು ಅದರಲ್ಲಿ ಪಾತ್ರ ಮಾಡುವಂತಿಲ್ಲ. ಜನರ ನಡುವೆ ಮುಂದಿನ ಸಾಲಿನಲ್ಲಿ ಕೂತು, ಎಲ್ಲಿ ನಗು ಬಂತು, ಎಲ್ಲಿ ಜನ ಆಕಳಿಸಿದರು ಎಂದು ನೋಡಬೇಕು.

ಹೋದ ವರ್ಷ ಜೂನಿನಲ್ಲಿ ಒಂದು ಸಂಜೆ ಅವಳು ಮನೆಗೆ ಬಂದವಳೇ ಚಪ್ಪಲಿಯನ್ನೂ ಬಿಡದೆ ಒಂದು ಹಾಳೆ ತೆಗೆದು ಓದಿದಳು. ಏಳನೇ ಕ್ಲಾಸಿನ ಹುಡುಗಿಯೊಬ್ಬಳು ಬರೆದದ್ದು. ಆ ಹುಡುಗಿಯ ತಾಯಿ ಶುಂಠಿ ಹೊಲದ ಕೂಲಿಗೆ ಹೋಗುವವರು. ನಾಟಕದಲ್ಲಿ ಒಬ್ಬ ಅವ್ವ ಮನೆಗೆ ರಜಾ ಅರ್ಜಿ ಬರೆಯುತ್ತಾಳೆ, ಶಾಲೆಯ ಮಕ್ಕಳು ಹೆಡ್ ಮಾಸ್ಟರಿಗೆ ಬರೆಯುವ ಹಾಗೆ.

"ಮನೆಯ ಯಜಮಾನರಿಗೆ. ವಿಷಯ: ಒಂದು ದಿನದ ರಜೆ ಕೋರಿ. ಮಾನ್ಯರೇ, ನಾನು ಈ ಮನೆಯಲ್ಲಿ ಹದಿನಾಲ್ಕು ವರ್ಷದಿಂದ ಒಂದು ದಿನವೂ ಗೈರುಹಾಜರಾಗಿರುವುದಿಲ್ಲ. ಜ್ವರ ಬಂದ ದಿನವೂ ಹಾಜರಿರುತ್ತೇನೆ. ಆದ್ದರಿಂದ ತಾವು ದಯಮಾಡಿ..." ಕೊನೆಗೆ, "ತಮ್ಮ ವಿಧೇಯ ಅವ್ವ."

ಅರ್ಜಿ ಮನೆಯವರ ಕೈಯಿಂದ ಕೈಗೆ ಹೋಗುತ್ತದೆ. ಅತ್ತೆ, "ನಮ್ ಕಾಲ್ದಲ್ಲಿ ರಜ ಅನ್ನೋ ಪದಾನೇ ಇರ್ಲಿಲ್ಲ ಕಣವ್ವ" ಅನ್ನುತ್ತಾಳೆ. ಮಗ, "ಸರಿ ತಕ, ಆದ್ರೆ ದೋಸೆ ಉಯ್ಕೊಟ್ಟು ತಕ" ಅನ್ನುತ್ತಾನೆ. ಕೊನೆಗೆ ಅರ್ಜಿ ಅಪ್ಪನ ಕೈಗೆ ಬರುತ್ತದೆ. ಅಲ್ಲಿಗೆ ಹಾಳೆ ಮುಗಿದಿತ್ತು.

"ಮುಂದೆ?" ಎಂದೆ.

"ಮುಂದಿಂದು ಅವಳಿಗೆ ಗೊತ್ತು. ನನಗೆ ಗೊತ್ತಿಲ್ಲ" ಎಂದು ಅವಳು ನಕ್ಕಳು. ನವೆಂಬರಿನಲ್ಲಿ ಹಾಸನದಲ್ಲಿ ಮಕ್ಕಳ ನಾಟಕದ ಒಂದು ದಿನ ಏರ್ಪಾಡಾಗಿತ್ತು. ಅಲ್ಲಿಗೆ ಇದನ್ನೇ ತೆಗೆದುಕೊಂಡು ಹೋಗಬೇಕು ಅಂದಳು.

ಆಷಾಢದಲ್ಲಿ ಒಂದು ಭಾನುವಾರ ಅಡುಗೆಮನೆಯಲ್ಲಿ ತಲೆ ಹಿಡಿದುಕೊಂಡು ಕೂತವಳು ಮತ್ತೆ ತಾನಾಗಿ ಏಳಲಿಲ್ಲ. ಹಾಸನದ ಆಸ್ಪತ್ರೆಯಲ್ಲಿ ಹನ್ನೊಂದು ದಿನ ಇದ್ದಳು. ಅದರ ಬಗ್ಗೆ ಹೆಚ್ಚು ಬರೆಯಲು ನನಗೆ ಬರುವುದಿಲ್ಲ.

ತಿಥಿಯೆಲ್ಲ ಮುಗಿದು ನಾನು ಅಂಗಡಿಯ ಬಾಗಿಲು ತೆಗೆದ ಮೊದಲನೆಯ ದಿನ ನಾಟಕದ ಮಕ್ಕಳು ಬಂದು ಹೊಸ್ತಿಲ ಹೊರಗೆ ನಿಂತರು. ಹನ್ನೊಂದು ಮಕ್ಕಳು. ಒಬ್ಬರನ್ನೊಬ್ಬರು ಮೊಣಕೈಯಲ್ಲಿ ತಿವಿಯುತ್ತಿದ್ದರು. ಕೊನೆಗೆ ರಜಾ ಅರ್ಜಿ ಬರೆದ ಹುಡುಗಿಯೇ ಕೇಳಿದಳು.

"ಅಂಕಲ್, ನಾಳಿಕ್ಕೆ ಕ್ಲಾಸ್ ಐತಾ?"

ಇಲ್ಲ ಅನ್ನಲು ಬಾಯಿ ಬರಲಿಲ್ಲ. "ಐತೆ" ಅಂದೆ.

ಹೆಡ್ ಮಿಸ್ಟ್ರೆಸ್ ಒಳ್ಳೆಯವರು. "ನೀವು ಮಕ್ಕಳ ಜೊತೆ ಸುಮ್ನೆ ಕೂತಿರಿ ಸಾಕು, ಅವಕ್ಕೆಲ್ಲ ಗೊತ್ತು" ಎಂದು ಕೋಣೆಯ ಬೀಗದ ಕೈ ಕೊಟ್ಟರು. ಮಕ್ಕಳು ಒಂದು ವಾರದಲ್ಲಿ ನನ್ನನ್ನು ಅಂಕಲ್ ಅನ್ನುವುದು ಬಿಟ್ಟು ಸಾ ಅನ್ನತೊಡಗಿದರು.

ಸುಮ್ಮನೆ ಕೂತಿದ್ದರೆ ಸರಿಯಿತ್ತು. ಆದರೆ ನನ್ನದು ದರ್ಜಿಯ ಕೈ. ಅರ್ಧ ಹೊಲಿದ ಬಟ್ಟೆ ಕಣ್ಣ ಮುಂದೆ ತೂಗಾಡುತ್ತಿದ್ದರೆ ನನಗೆ ಊಟ ಸೇರುವುದಿಲ್ಲ. ಬೇರೆಯವರು ಕತ್ತರಿಸಿ ಬಿಟ್ಟು ಹೋದ ಬಟ್ಟೆಯನ್ನೂ ಅಂಚು ಮಡಿಸಿ, ಗುಂಡಿ ಹಾಕಿಯೇ ಕೊಟ್ಟು ಗೊತ್ತು. ಅವಳು ಅರ್ಧಕ್ಕೆ ಬಿಟ್ಟು ಹೋದ ಕೆಲಸ ಇದು, ನಾನು ಮುಗಿಸಬೇಕು ಅಂತ ತಲೆಗೆ ಹೊಕ್ಕಿತು. ಒಂದು ಭಾನುವಾರ ಬೆಳಿಗ್ಗೆ ಕೂತು ಕೊನೆಯ ದೃಶ್ಯ ಬರೆದೆ. ಅಪ್ಪ ಅರ್ಜಿ ಓದಿ ಅಳುತ್ತಾನೆ. ಎಲ್ಲರೂ ಅವ್ವನ ಹತ್ತಿರ ಕ್ಷಮೆ ಕೇಳುತ್ತಾರೆ. ಅವ್ವ ಅರ್ಜಿಯನ್ನು ಹರಿದುಹಾಕಿ, "ನಿಮ್ಮೆಲ್ಲರ ನಗುಮುಖವೇ ನನ್ನ ಪಾಲಿನ ರಜೆ. ಈ ಮನೆಯೇ ನನ್ನ ಸ್ವರ್ಗ" ಅನ್ನುತ್ತಾಳೆ. ಬರೆಯುವಾಗ ನನಗೇ ಕಣ್ಣಲ್ಲಿ ನೀರು ಬಂತು. ಅದನ್ನೇ ಒಳ್ಳೆಯದಾಗಿದೆ ಅನ್ನುವುದಕ್ಕೆ ಸಾಕ್ಷಿ ಅಂದುಕೊಂಡೆ. ಹಾಸನಕ್ಕೆ ಕಳಿಸುವ ಫಾರಂನಲ್ಲಿ ನಾಟಕದ ರಚನೆ ಎಂಬಲ್ಲಿ ನನ್ನ ಹೆಂಡತಿಯ ಹೆಸರು ತುಂಬಿಸಿದೆ. ಅಷ್ಟು ದೊಡ್ಡ ಊರಿನಲ್ಲಿ, ಮೈಕಿನಲ್ಲಿ, ಅವಳ ಹೆಸರು ಒಂದು ಸಲ ಕೇಳಬೇಕು ಅನ್ನುವ ಆಸೆ.

ಮಕ್ಕಳು ನಾನು ಕೊಟ್ಟದ್ದನ್ನು ಎದುರು ಮಾತಾಡದೆ ಬಾಯಿಪಾಠ ಮಾಡಿದರು. ಅಪ್ಪನ ಪಾತ್ರದ ಹುಡುಗ ನಾನು ಹೇಳಿದ ಕಡೆ ಹೆಗಲ ಟವೆಲಿನಿಂದ ಕಣ್ಣೊರೆಸಿಕೊಂಡ. ಆ ಹುಡುಗಿ ಮಾತ್ರ ಗೋಡೆಗೆ ಒರಗಿ ನೋಡುತ್ತಿದ್ದಳು. ಮರುದಿನದ ಕ್ಲಾಸಿಗೆ ಅವಳು ಬರಲಿಲ್ಲ. ಅದರ ಮುಂದಿನ ಕ್ಲಾಸಿಗೂ ಇಲ್ಲ. ಯಾಕೆ ಅಂತ ಕೇಳಿದರೆ ಮಕ್ಕಳು ನೆಲ ನೋಡುತ್ತಿದ್ದರು. ಅವ್ವನ ಪಾತ್ರದವಳು ಕೊನೆಗೆ ಬಾಯಿ ಬಿಟ್ಟಳು.

"ಅವ್ಳು ಇನ್ಮೇಲೆ ಬರಾಕಿಲ್ವಂತೆ ಸಾ. ನಾಟ್ಕ ಈಗ ನಿಮ್ದಂತೆ. ನೀವೇ ಮಾಡ್ಕಬೇಕಂತೆ."

ಅಷ್ಟರಲ್ಲಿ ದಸರಾ ರಜೆ ಬಂತು. ಹುಡುಗಿ ಅಜ್ಜಿಯ ಮನೆಗೆ ಹಳೇಕೋಟೆಗೆ ಹೋಗಿದ್ದಾಳೆ ಎಂದು ಅವರ ಮನೆಯಲ್ಲಿ ಹೇಳಿದರು. ಎರಡು ದಿನ ಯೋಚಿಸಿದೆ. ಸಣ್ಣ ಮಗುವಿನ ಮುನಿಸು, ರಜೆ ಮುಗಿದರೆ ಸರಿಹೋಗುತ್ತದೆ ಅಂತ ಒಂದು ಮನಸ್ಸು. ಒಂಬತ್ತು ವರ್ಷದಲ್ಲಿ ಅವಳ ಕ್ಲಾಸಿನಿಂದ ಒಂದು ಮಗುವೂ ಬಿಟ್ಟು ಹೋಗಿರಲಿಲ್ಲ, ನನ್ನ ಕೈಗೆ ಬಂದು ಮೂರು ತಿಂಗಳಿಗೆ ಹೋಯಿತಲ್ಲ ಅಂತ ಇನ್ನೊಂದು ಮನಸ್ಸು. ಹೊಳೆನರಸೀಪುರದ ಬಸ್ಸು ಹತ್ತಿ, ಅಲ್ಲಿ ಇಳಿದು ಬೇರೆ ಬಸ್ಸು ಹಿಡಿದು ಹೋದೆ.

ಅಜ್ಜಿ ಜಗಲಿಯ ಮೇಲೆ ಜೋಳದ ತೆನೆ ಬಿಡಿಸುತ್ತಾ ಕೂತಿದ್ದರು.

"ಯಾರಪ್ಪಾ?"

"ಅರಕಲಗೂಡಿಂದ ಬಂದೆ ಅಜ್ಜಿ. ನಿಮ್ಮ ಮೊಮ್ಮಗಳ ನಾಟಕದ ಕ್ಲಾಸಿನವನು."

"ಓ, ಟೈಲರಪ್ಪನಾ! ಯೋಳವ್ಳೆ, ಯೋಳವ್ಳೆ. ಬಾ ಕೂತ್ಕ. ನೀನೇ ಅಲ್ವಾ ನಮ್ಮುಡ್ಗಿ ನಾಟ್ಕವ ಕೆಡಿಸಾಕಿದ್ದು?"

"ಅಜ್ಜೀ!" ಎಂದು ಒಳಗಿನಿಂದ ದನಿ ಬಂತು.

"ಏನೇ ಅಜ್ಜಿ? ಬಂದ್ ಮಾತಾಡು. ಅಷ್ಟು ದೂರದಿಂದ ಬಂದವ್ರೆ, ನೀನ್ ನೋಡುದ್ರೆ ಬಾಗಿಲ್ ಸಂದೀಲಿ ನಿಂತ್ಕಂಡು ಇಣುಕ್ತೀಯ."

ಹುಡುಗಿ ಹೊರಗೆ ಬಂದು ಕಂಬ ಹಿಡಿದು ನಿಂತಳು. ಕೊನೆಯ ದೃಶ್ಯದ ಹಾಳೆ ನನ್ನ ಜೇಬಿನಲ್ಲಿತ್ತು. ಇದರಲ್ಲಿ ಏನು ತಪ್ಪು ಅಂತ ನೀನೇ ಹೇಳಮ್ಮ ಎಂದು ಅವಳ ಕಡೆ ಚಾಚಿದೆ. ಅವಳು ಮುಟ್ಟಲಿಲ್ಲ.

"ಅಜ್ಜಿಗೆ ಓದಿ ಸಾ" ಎಂದಳು. "ಅಜ್ಜೀ, ಯಾರ್ ಮಾತು ಅಂತ ನೀನ್ ಯೋಳು."

ನಾನು ಓದಿದೆ. ನಿಮ್ಮೆಲ್ಲರ ನಗುಮುಖವೇ ನನ್ನ ಪಾಲಿನ ರಜೆ. ಅಜ್ಜಿ ತೆನೆ ಬಿಡಿಸುವುದನ್ನು ನಿಲ್ಲಿಸಿ ಕೇಳಿಸಿಕೊಂಡರು.

"ಗೊತ್ತಾಯ್ತು ಬುಡು. ಸಂಜೆ ಏಳ್ಗಂಟೆ ಸೀರಿಯಲ್ದು. ಮೈತುಂಬ ಒಡ್ವೆ ಆಕಂಡು ಒಲೆ ಮುಂದೆ ನಿಂತಿರ್ತಾಳಲ್ಲ, ಅವ್ಳೇ ತಾನೇ?"

ಹುಡುಗಿ ನಗಲಿಲ್ಲ. ನಗದೇ ಇದ್ದದ್ದು ನನಗೆ ಇನ್ನೂ ನಾಚಿಕೆ ತಂದಿತು.

"ನಮ್ಮವ್ವ ಸಂಜೆ ಬಂದು ಕಾಲ್ ತೊಳ್ಕಂಡು ಬಾಗಿಲ್ತಾವ ಕೂತ್ರೆ, ಯಾರ್ ಕರುದ್ರೂ ಓ ಅನ್ನಕಿಲ್ಲ ಸಾ. ನೀವ್ ಬರ್ದಿರೋ ಅವ್ವ ಇದ್ರಲ್ಲಿ ಒಂದೇ ಸಮ ಮಾತಾಡ್ತಾಳೆ. ಅವ್ಳಿಗೆ ಆಯಾಸಾನೇ ಇಲ್ಲ. ಆಯಾಸ ಇಲ್ದೋಳು ಅರ್ಜಿ ಯಾಕ್ ಬರೀತಾಳೆ?"

"ಮಿಸ್ ಅರ್ಧಕ್ಕೆ ಬಿಟ್ಟು ಹೋದರು ಅಂತ ನಾನು..."

"ಮಿಸ್ ಬಿಟ್ಟಿರ್ಲಿಲ್ಲ ಸಾ. ನಾನು ಬಿಟ್ಟಿದ್ದೆ. ಮಿಸ್ ನಮ್ ಹಾಳೇಲಿ ಒಂದಕ್ಷರ ಬರೀತಿರ್ಲಿಲ್ಲ. ಕೂತಾಗೆಲ್ಲ ಎರಡು ಕೈನೂವೆ ಸೆರಗೊಳಗೆ ಇಕ್ಕಂತಿದ್ರು. ಪೆನ್ಸಿಲ್ ಕಂಡ್ರೆ ನನ್ ಕೈ ಸುಮ್ನಿರಕ್ಕಿಲ್ಲ ಕಣ್ರೋ ಅಂತಿದ್ರು."

ನನ್ನ ಹೆಂಡತಿ ಹಾಗೆ ಕೂರುವುದನ್ನು ನಾನು ಎಷ್ಟೋ ಸಲ ಕಂಡಿದ್ದೆ. ಚಳಿಗೆ ಅಂದುಕೊಂಡು ಒಂದು ಸ್ವೆಟರ್ ಕೂಡ ತಂದುಕೊಟ್ಟಿದ್ದೆ.

"ಹಾಗಾದರೆ ಕೊನೆ ನೀನೇ ಬರಿಯಮ್ಮ" ಅಂದೆ.

"ಬರೆಯೋದೇನು, ತಲೇಲಿ ಯಾವಾಗ್ಲೋ ಐತೆ. ನೀವ್ ಕೇಳ್ನೇ ಇಲ್ವಲ್ಲ."

ಅವಳು ಹೇಳಿದಳು. ಅಪ್ಪನ ಕೈಗೆ ಅರ್ಜಿ ಬರುವ ಹೊತ್ತಿಗೆ ಅವ್ವ ಸ್ಟೇಜಿನಿಂದ ಇಳಿದು ಹೋಗಿ ನೋಡುವವರ ನಡುವೆ ಕೂತುಬಿಡುತ್ತಾಳೆ. ಅಪ್ಪನಿಗೆ ಸಹಿ ಹಾಕಲು ಮನಸ್ಸಿದೆ, ಆದರೆ ಪೆನ್ನು ಎಲ್ಲಿದೆ ಗೊತ್ತಿಲ್ಲ. ಪೆನ್ನು ಎಲ್ಲಿದೆ ಅಂತ ಗೊತ್ತಿರುವುದು ಅವ್ವನಿಗೆ ಮಾತ್ರ. ಮನೆಯವರೆಲ್ಲ ಪೆನ್ನು ಹುಡುಕುತ್ತಾರೆ. ಹುಡುಕುತ್ತಲೇ ಇರುತ್ತಾರೆ.

"ಅವ್ವ ಸ್ಟೇಜ್ ಬಿಟ್ಟು ಹೋದರೆ ನಾಟಕ ಹೇಗಮ್ಮ ನಡೆಯುತ್ತೆ?" ಎಂದೆ.

"ಅದೇ ಸಾ ನಾಟ್ಕ."

ಆಷಾಢದಿಂದ ನಾನೂ ಮನೆಯಲ್ಲಿ ಅದೇ ಮಾಡುತ್ತಿದ್ದೆ. ಗ್ಯಾಸಿನ ಪುಸ್ತಕ, ಛತ್ರಿ, ಮೆಂತ್ಯದ ಡಬ್ಬಿ ಹುಡುಕುವುದು. ಒಂದೊಂದು ಸಲ ಎಲ್ಲಿಟ್ಟಿದ್ದೀಯೇ ಅಂತ ಬಾಯಿ ತೆರೆದು ಕೇಳಿಯೂಬಿಡುವುದು. ಅದನ್ನು ಹನ್ನೆರಡು ವರ್ಷದ ಮಗುವೊಂದು ನನಗಿಂತ ಮೊದಲೇ ಕಂಡಿತ್ತು.

ಹೊರಡುವಾಗ ಅಜ್ಜಿ ಹತ್ತು ತೆನೆ ಕಟ್ಟಿಕೊಟ್ಟರು. "ಬೇಜಾರ್ ಮಾಡ್ಕಬ್ಯಾಡ ಮಗ. ಇವ್ಳು ನನ್ಗೂ ಇಂಗೇ ಅಂತಾಳೆ" ಎಂದರು.

ರಜೆ ಮುಗಿದು ಅವಳು ಕ್ಲಾಸಿಗೆ ಬಂದಳು. ನಾನು ಬರೆದ ಹಾಳೆಯನ್ನು ಮಕ್ಕಳ ಎದುರಿಗೇ ಮಡಚಿ ಜೇಬಿಗೆ ಹಾಕಿಕೊಂಡು, "ತಪ್ಪಾಯ್ತು, ಇದನ್ನು ಮರೆತುಬಿಡಿ" ಅಂದೆ. ಅಪ್ಪನ ಪಾತ್ರದ ಹುಡುಗ, "ಸದ್ಯ! ಅಳಾದ್ ತಪ್ತು ಕಣ್ಲಾ" ಎಂದು ಪಕ್ಕದವನ ಬೆನ್ನಿಗೆ ಗುದ್ದಿದ. ಅಂದಿನಿಂದ ನಾನು ಮಾಡಿದ್ದು ನನಗೆ ಬರುವ ಕೆಲಸ ಮಾತ್ರ. ಶುಂಠಿ ಹೊಲಕ್ಕೆ ಹೋಗುವ ಹೆಂಗಸರು ಸೀರೆಯ ಮೇಲೆ ಗಂಡಸರ ತುಂಬುತೋಳಿನ ಶರ್ಟು ಹಾಕಿಕೊಳ್ಳುತ್ತಾರೆ. ಅಂಥ ಒಂದು ಹಳೆಯ ಶರ್ಟನ್ನು ಹುಡುಗಿಯೇ ತಂದುಕೊಟ್ಟಳು. ಅವ್ವನ ಪಾತ್ರದವಳ ಅಳತೆಗೆ ಅದರ ಹೆಗಲು ಇಳಿಸಿ ಹೊಲಿದೆ. ಮೊಣಕೈ ಹತ್ತಿರ ಮಣ್ಣಿನ ಕಲೆ ಇತ್ತು. ಒಗೆಯಲೇ ಎಂದರೆ, "ಬ್ಯಾಡ ಸಾ" ಅಂದಳು.

ಹಾಸನಕ್ಕೆ ಟೆಂಪೊದಲ್ಲಿ ಹೋದೆವು. ಹುಡುಗಿಯ ತಾಯಿ, ಇನ್ನೂ ನಾಲ್ಕು ಮಕ್ಕಳ ತಾಯಂದಿರು ಆ ದಿನದ ಕೂಲಿ ಬಿಟ್ಟು ಜೊತೆಗೆ ಬಂದಿದ್ದರು. ನಾಟಕದ ಹಾಲಿನ ಬಾಗಿಲಲ್ಲಿ ಮೇಜು ಹಾಕಿಕೊಂಡು ಕೂತಿದ್ದವರು ಕಾರ್ಯಕ್ರಮದ ಪಟ್ಟಿ ಕೊಟ್ಟರು. ಅದರಲ್ಲಿ ನಾಟಕದ ಹೆಸರಿನ ಕೆಳಗೆ ನನ್ನ ಹೆಂಡತಿಯ ಹೆಸರು ಅಚ್ಚಾಗಿತ್ತು. ನಾನು ತುಂಬಿಸಿ ಕಳಿಸಿದ್ದ ಫಾರಂ ನೆನಪಾಯಿತು. ಹುಡುಗಿಯೂ ಪಟ್ಟಿ ಓದಿದಳು. ನನ್ನ ಕಡೆ ನೋಡಿದಳು. ಒಳಗೆ ಹೋಗಿ ಮುಂದಿನ ಸಾಲಿನಲ್ಲಿ ಕೂತಳು.

ನಾನು ಮೇಜಿನ ಹತ್ತಿರ ಹೋಗಿ ಹೆಸರು ತಪ್ಪಾಗಿದೆ, ತಪ್ಪು ನನ್ನದೇ, ಬದಲಾಯಿಸಬೇಕು ಅಂದೆ.

"ಪ್ರಿಂಟ್ ಆಗೋಗಿದೆಯಲ್ಲ ಯಜಮಾನ್ರೇ" ಎಂದರು ಅಲ್ಲಿದ್ದ ಹಿರಿಯರು. ಅವಳು ತೀರಿಹೋದ ವಿಷಯ ತಿಳಿದ ಮೇಲೆ ಮೆತ್ತಗಾದರು. "ಮೇಡಂ ಹೆಸರೇ ಇರ್ಲಿ ಬಿಡಿ. ಒಂಬತ್ತು ವರ್ಷ ದುಡಿದವರು. ನಾಟಕಕ್ಕೆ ಮುಂಚೆ ಎರಡು ಮಾತು ಹೇಳಿ ಒಂದು ನಿಮಿಷ ಮೌನ ಮಾಡ್ಸೋಣ. ಫೋಟೋ ತಂದಿದೀರಾ?"

ಫೋಟೋ ನನ್ನ ಚೀಲದಲ್ಲೇ ಇತ್ತು. ತಂದಿದ್ದೆ. ಆ ಗಳಿಗೆ ಹೂಂ ಅನ್ನುವುದು ಬಹಳ ಸುಲಭವಿತ್ತು. ಅವಳ ಹೆಸರನ್ನು ಅಷ್ಟು ಜನ ಕೇಳುತ್ತಿದ್ದರು, ಎದ್ದು ನಿಲ್ಲುತ್ತಿದ್ದರು. ನನಗೂ ಅದು ಬೇಕಿತ್ತು. ಆದರೆ ಮೌನ ಆಚರಿಸಿ ಕೂತ ಜನ ಆಮೇಲೆ ಆ ನಾಟಕಕ್ಕೆ ಹೇಗೆ ನಗುತ್ತಾರೆ? ಮುಂದಿನ ಸಾಲಿನಲ್ಲಿ ಕೂತ ಹುಡುಗಿ ಏನು ನೋಡುತ್ತಾಳೆ?

"ಬೇಡಿ ಸಾರ್. ಇದನ್ನು ಅವಳು ಬರೆದಿಲ್ಲ. ಬರೆದವಳು ಒಳಗೆ ಕೂತಿದ್ದಾಳೆ" ಅಂದೆ. ಮೈಕಿನವರ ಪ್ರತಿಯಲ್ಲಿ ನಾನೇ ನನ್ನ ಹೆಂಡತಿಯ ಹೆಸರು ಹೊಡೆದುಹಾಕಿ ಹುಡುಗಿಯ ಹೆಸರು ಬರೆದೆ. ಅಕ್ಷರ ಸೊಟ್ಟಗಾಯಿತು. ಆದರೂ ಓದಲು ಬರುವ ಹಾಗಿತ್ತು.

ನಾಟಕ ಶುರುವಾಯಿತು. ಅತ್ತೆಯ ಮಾತಿಗೆ ಹೆಂಗಸರು ನಕ್ಕರು, ದೋಸೆಯ ಮಾತಿಗೆ ಮಕ್ಕಳು. ಅಪ್ಪನ ಕೈಗೆ ಅರ್ಜಿ ಬಂತು. ಅವ್ವ ಕೈಯಲ್ಲಿದ್ದ ಪೊರಕೆಯನ್ನು ಮೂಲೆಗಿಟ್ಟು, ಮೆಟ್ಟಿಲಿಳಿದು ಬಂದು ಮೂರನೆಯ ಸಾಲಿನ ಖಾಲಿ ಕುರ್ಚಿಯಲ್ಲಿ ಕೂತಳು. ಬದಿಯಲ್ಲಿ ನಿಂತಿದ್ದ ಕಾರ್ಯಕರ್ತರೊಬ್ಬರು ಮಗು ಮಾತು ಮರೆತು ಹೆದರಿ ಇಳಿದು ಬಂತು ಅಂದುಕೊಂಡರು. ಪಾಪ, ಬಗ್ಗಿ ಓಡಿ ಬಂದು ಅವಳ ಭುಜ ತಟ್ಟಿ, "ಹೋಗು ಪುಟ್ಟಿ, ಹೆದರ್ಬೇಡ, ಏನೂ ಆಗಲ್ಲ" ಎಂದು ಎಬ್ಬಿಸಲು ನೋಡಿದರು.

ಅವಳು ಕದಲಲಿಲ್ಲ. ಕಾಲಿನ ಮೇಲೆ ಕಾಲು ಹಾಕಿಕೊಂಡು, ಇಡೀ ಹಾಲಿಗೆ ಕೇಳುವ ಹಾಗೆ ಹೇಳಿದಳು: "ನಾನ್ ರಜದಲ್ಲಿವ್ನಿ ಸಾ. ಏನಿದ್ರೂ ನಾಳಿಕ್ಕೆ ಬನ್ನಿ."

ಹಾಲಿನಲ್ಲಿದ್ದವರೆಲ್ಲ ನಕ್ಕ ರಭಸಕ್ಕೆ ಆ ಮನುಷ್ಯ ಎರಡು ಹೆಜ್ಜೆ ಹಿಂದೆ ಸರಿದು ತಾವೂ ನಗತೊಡಗಿದರು. ಸ್ಟೇಜಿನ ಮೇಲೆ ಅಪ್ಪ ನಗು ನಿಲ್ಲುವವರೆಗೆ ಕಾದ. ಕಾಯಬೇಕು ಅಂತ ಅವನಿಗೆ ಯಾರು ಹೇಳಿಕೊಟ್ಟಿದ್ದರು ಅನ್ನುವುದು ನನಗೆ ಗೊತ್ತು. ಆಮೇಲೆ, "ಏಯ್, ಪೆನ್ ಎಲ್ಲಿಕ್ಕಿದ್ದೀಯೇ? ಸೈನ್ ಆಕ್ಬೇಕು" ಎಂದ. ಉತ್ತರವಿಲ್ಲ. ಅತ್ತೆ ಹಾಸಿಗೆ ಕೊಡವಿದಳು, ಮಗ ಅಕ್ಕಿ ಡಬ್ಬಿಯೊಳಗೆ ಕೈ ಹಾಕಿದ, ಅಪ್ಪ ತನ್ನದೇ ಜೇಬುಗಳನ್ನು ಒಂದೊಂದಾಗಿ ಹೊರಗೆಳೆದ. ಅವ್ವ ಕೆಳಗೆ ಕಡಲೆಕಾಯಿ ಸುಲಿದು ತಿನ್ನುತ್ತಾ ನೋಡುತ್ತಿದ್ದಳು. ಜನ ನಗುತ್ತಿದ್ದರು. ಒಂದು ಹಂತದಲ್ಲಿ ನಗು ತಾನಾಗಿ ಕಡಿಮೆಯಾಯಿತು. ಮೇಲೆ ಇನ್ನೂ ಹುಡುಕುತ್ತಲೇ ಇದ್ದರು. ಹಾಗೇ ಪರದೆ ಬಿತ್ತು.

ಮೈಕಿನಲ್ಲಿ ರಚನೆ ಎಂದು ಹುಡುಗಿಯ ಹೆಸರು ಕೂಗಿದರು. ಮೊದಲನೆಯ ಸಲ ಅವಳು ಏಳಲಿಲ್ಲ, ನಂಬಿಕೆ ಬಂದಿರಲಿಲ್ಲವೇನೋ. ಎರಡನೆಯ ಸಲ ಎದ್ದು, ಹಿಂದೆ ತಿರುಗಿ ತಾಯಿಯನ್ನು ಹುಡುಕಿದಳು. ಆ ತಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದರು. ಹೊರಗೆ ಬಂದ ಮೇಲೆ ನನ್ನ ಹತ್ತಿರ, "ನಮ್ ಮನೆ ಮಾತ್ನೆಲ್ಲ ಊರ್ಗೇ ಯೋಳ್ಬುಟ್ಟವ್ಳೆ ನೋಡಣ್ಣ" ಅಂದರು. ದೂರಿನ ಹಾಗೆ ಶುರುವಾದ ಮಾತು. "ನಾನ್ ಬಾಗಿಲ್ತಾವ ಕೂರಾದ್ನ ಇವ್ಳು ನೋಡ್ತಾಳೆ ಅಂತ್ಲೇ ನಂಗ್ ಗೊತ್ತಿರ್ಲಿಲ್ಲ" ಎಂದು ಮಗಳ ಜಡೆಯನ್ನು ಬಿಚ್ಚಿ, ಮತ್ತೆ ಬಿಗಿಯಾಗಿ ಹೆಣೆಯತೊಡಗಿದರು.

ಫೋಟೋ ಚೀಲದಲ್ಲೇ ವಾಪಸ್ ಬಂತು. ಅದಕ್ಕೆ ನನಗೆ ಬೇಸರವಿಲ್ಲ. ಆ ಹಾಲಿನಲ್ಲಿ ನನ್ನ ಹೆಂಡತಿಯ ಹೆಸರನ್ನು ಯಾರೂ ಹೇಳಲಿಲ್ಲ, ಅವಳು ಒಂಬತ್ತು ವರ್ಷ ಏನು ಮಾಡಿದಳು ಅನ್ನುವುದನ್ನು ಮಾತ್ರ ಎಲ್ಲರೂ ನೋಡಿದರು. ಗಂಡನಾಗಿ ನನಗೆ ಇಷ್ಟು ಹೆಮ್ಮೆ ಅವಳು ಬದುಕಿದ್ದಾಗ ಆಗಿರಲಿಲ್ಲ. ಅದೊಂದು ಕೊರಗು ಮಾತ್ರ ಮನಸ್ಸಿನಲ್ಲಿ ಉಳಿದಿದೆ.

ಸಂಕ್ರಾಂತಿ ಕಳೆದ ಮೇಲೆ ಚನ್ನರಾಯಪಟ್ಟಣದ ಒಂದು ಶಾಲೆಯವರು ಕರೆದರು. ಹುಡುಗಿ ಅಷ್ಟರಲ್ಲಿ ಎರಡು ಮಾತು ತೆಗೆದು ಒಂದು ಸೇರಿಸಿದ್ದಳು. ಏನು ಅಂತ ನನಗೆ ಮೊದಲೇ ಹೇಳಲಿಲ್ಲ, ನಾನೂ ಕೇಳಲಿಲ್ಲ. ನಾಟಕ ಮುಗಿದ ಮೇಲೆ ಅಲ್ಲಿನ ಮೇಷ್ಟ್ರೊಬ್ಬರು ನನ್ನ ಕೈ ಹಿಡಿದುಕೊಂಡು, "ಕೊನೆಯ ಸೀನು ಬಹಳ ಚೆನ್ನಾಗಿದೆ ಸಾರ್. ಮಕ್ಕಳಿಗೆ ಇದೆಲ್ಲ ಹೊಳೆಯಲ್ಲ, ನಿಜ ಹೇಳಿ, ನೀವೇ ತಾನೇ ಬರೆದದ್ದು?" ಎಂದು ಕೇಳಿದರು.

ನಾನು ಉತ್ತರ ಹೇಳುವ ಮೊದಲೇ ನನ್ನ ಹಿಂದಿನಿಂದ ಮಕ್ಕಳು ಒಟ್ಟಿಗೇ ಕೂಗಿದರು.

"ಸಾ ಒಂದ್ ಬರ್ದಿದ್ರು ಸಾ! ಅದ್ ಚೆನ್ನಾಗಿರ್ಲಿಲ್ಲ!"